ಕ್ಯಾಬಿನ್ ಇದ್ದ ಜಾಗದಲ್ಲಿ ನಾಲ್ಕು ಲಿಫ್ಟು

ದ್ವಾರಕಾನಾಥರು ಪರದೆಯ ಮೇಲಿದ್ದ ಕಂಪನಿಯ ಹೊಸ ಏರ್ಪಾಡಿನ ಚಿತ್ರವನ್ನು ಮೊದಲು ಕನ್ನಡಕವಿಲ್ಲದೆ ನೋಡಿದರು, ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದರು. ಬಣ್ಣಬಣ್ಣದ ಚೌಕಗಳಿದ್ದವು. ಒಂದರೊಳಗೆ ತಂಡ ಎಂದಿತ್ತು, ಒಂದರೊಳಗೆ ಕೋಚ್, ಇನ್ನೊಂದರೊಳಗೆ ಪ್ರಾಡಕ್ಟ್ ಓನರ್. ಮ್ಯಾನೇಜರ್ ಎಂಬ ಚೌಕ ಎಲ್ಲಿಯೂ ಇರಲಿಲ್ಲ.

ಅದು ಹೊಸೂರು ರಸ್ತೆಯ ಮೇಲ್ಸೇತುವೆ ಆಗತಾನೇ ತೆರೆದಿದ್ದ ವರ್ಷ. ಎಲೆಕ್ಟ್ರಾನಿಕ್ ಸಿಟಿಯ ಆ ಕಟ್ಟಡದಲ್ಲಿ ಜರ್ಮನಿಯ ಒಂದು ಲಿಫ್ಟ್ ಕಂಪನಿಯ ಸಾಫ್ಟ್‌ವೇರ್ ಕೇಂದ್ರವಿತ್ತು. ಲಿಫ್ಟ್ ತಯಾರಾಗುತ್ತಿದ್ದುದು ಬೇರೆಲ್ಲೋ. ಅದು ಯಾವ ಮಹಡಿಯಲ್ಲಿ ನಿಲ್ಲಬೇಕು, ಬಾಗಿಲು ಯಾವಾಗ ತೆರೆಯಬೇಕು, ಒಂದೇ ಕಟ್ಟಡದಲ್ಲಿ ನಾಲ್ಕು ಲಿಫ್ಟ್ ಇದ್ದರೆ ಯಾರ ಕರೆಗೆ ಯಾವುದು ಓಡಬೇಕು ಎಂದು ತೀರ್ಮಾನಿಸುವ ಪ್ರೋಗ್ರಾಮನ್ನು ಬೆಂಗಳೂರು, ಸ್ಟುಟ್‌ಗಾರ್ಟ್, ಶಾಂಘೈ, ಶಿಕಾಗೋ ಹಂಚಿಕೊಂಡು ಬರೆಯುತ್ತಿದ್ದವು. ಬೆಂಗಳೂರು ಕೇಂದ್ರದ ಮ್ಯಾನೇಜರ್, ಅದರ ಮೊದಲ ನೌಕರ ದ್ವಾರಕಾನಾಥರೇ. ಅದಕ್ಕೂ ಮುಂಚೆ ಸರ್ಕಾರಿ ದೂರವಾಣಿ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದವರು, ಅಲ್ಲಿಯ ಕ್ವಾರ್ಟರ್ಸಿನಲ್ಲೇ ಹುಟ್ಟಿ ಬೆಳೆದವರು. ಒಂದು ಮೇಜು, ಒಂದು ಟೆಲಿಫೋನ್ ಇಟ್ಟುಕೊಂಡು ಶುರು ಮಾಡಿದ ಕೇಂದ್ರದಲ್ಲಿ ಈಗ ಒಂದು ಮಹಡಿ ತುಂಬ ಜನ. ಅವರೆಲ್ಲರನ್ನೂ ಸಂದರ್ಶನ ಮಾಡಿ ಆರಿಸಿದ್ದು ತಾನೇ ಎಂಬುದು ಅವರ ಮನಸ್ಸಿನಲ್ಲಿ ಸದಾ ಇರುತ್ತಿದ್ದ ಮಾತು.

ಪರದೆಯ ಇನ್ನೊಂದು ಮೂಲೆಯಲ್ಲಿ ಸ್ಟುಟ್‌ಗಾರ್ಟಿನಿಂದ ಗುಡ್ರುನ್ ಮಾತನಾಡುತ್ತಿದ್ದಳು. ನಾಲ್ಕೂ ದೇಶಗಳ ಸಾಫ್ಟ್‌ವೇರ್ ಅವಳ ಕೈಕೆಳಗಿತ್ತು. ಈವರೆಗೆ ವರ್ಷದ ಮೊದಲಲ್ಲಿ ಸ್ಟುಟ್‌ಗಾರ್ಟಿನಿಂದ ದಪ್ಪನೆಯ ವಿವರಪತ್ರ ಬರುತ್ತಿತ್ತು. ಒಬ್ಬೊಬ್ಬರೂ ತಮ್ಮ ಪಾಲನ್ನು ಬರೆದು ವರ್ಷದ ಕೊನೆಗೆ ಕಳಿಸುತ್ತಿದ್ದರು. ಎಲ್ಲವನ್ನೂ ಜೋಡಿಸಿದಾಗ ಏನೂ ಸರಿಯಾಗಿ ನಡೆಯುತ್ತಿರಲಿಲ್ಲ. ಆಮೇಲೆ ಮೂರು ತಿಂಗಳು ತಪ್ಪು ಯಾರದು ಎಂಬ ಈಮೇಲ್‌ಗಳು. ಇನ್ನು ಮುಂದೆ ಹಾಗಿಲ್ಲ, ಎಂದಳು ಗುಡ್ರುನ್. ಇನ್ನು ಅಜೈಲ್ ಪದ್ಧತಿ. ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ಎರಡು ವಾರಕ್ಕೊಮ್ಮೆ ಜೋಡಿಸಿ, ನಡೆಯುತ್ತದೋ ಇಲ್ಲವೋ ಎಲ್ಲರ ಮುಂದೆ ತೋರಿಸಬೇಕು. ಎಷ್ಟು ಕೆಲಸ ಒಪ್ಪಿಕೊಳ್ಳಬೇಕು ಎಂದು ತೀರ್ಮಾನಿಸುವುದು ಮಾಡುವ ತಂಡವೇ, ಮೇಲಿನವರಲ್ಲ. ದಿನಾ ಬೆಳಿಗ್ಗೆ ತಂಡದವರು ನಿಂತುಕೊಂಡೇ ಸ್ವಲ್ಪ ಹೊತ್ತು ಮಾತಾಡಿಕೊಳ್ಳಬೇಕು.

"ಪ್ರಶ್ನೆಗಳಿವೆಯಾ?" ಎಂದು ಅವಳು ಕೇಳಿದಾಗ ಬೆಂಗಳೂರಿನವರೆಲ್ಲ ದ್ವಾರಕಾನಾಥರ ಕಡೆ ತಿರುಗಿದರು. ಅವರಿಗೆ ಒಂದೇ ಪ್ರಶ್ನೆಯಿತ್ತು. ಅದನ್ನು ಅಷ್ಟು ಜನರ ಮುಂದೆ ಕೇಳಲು ಮನಸ್ಸಾಗಲಿಲ್ಲ.

ಹೊಸ ಪದ್ಧತಿ ಕಲಿಸಲು ಬಂದ ಕೋಚ್ ಹೆಸರು ಸುಮಂಗಲಾ. ಹುಟ್ಟೂರು ರಾಣೆಬೆನ್ನೂರು, ಪುಣೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ಬಂದಿದ್ದಳು. ಮೊದಲ ವಾರ ಅವಳು ಯಾರಿಗೂ ಏನೂ ಹೇಳಲಿಲ್ಲ. ಬೆಳಗಿನ ನಿಂತ ಸಭೆಯಲ್ಲಿ ಗೋಡೆಗೆ ಒರಗಿ ಸುಮ್ಮನೆ ನೋಡುತ್ತಿದ್ದಳು. ಸಭೆ ಹೀಗೆ ನಡೆಯುತ್ತಿತ್ತು: ಎಲ್ಲರೂ ಅರ್ಧಚಂದ್ರಾಕಾರವಾಗಿ ನಿಲ್ಲುತ್ತಿದ್ದರು, ಎದುರಿಗೆ ದ್ವಾರಕಾನಾಥರು. ಪ್ರೋಗ್ರಾಂ ಬರೆಯುವವರಲ್ಲಿ ಹಿರಿಯಳಾದ ರಂಜನಿ, "ಸಾರ್, ನಿನ್ನೆ ನಾನು ಬಾಗಿಲಿನ ಟೈಮಿಂಗ್ ಮುಗಿಸಿದೆ," ಎನ್ನುತ್ತಿದ್ದಳು. ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಕೊಪ್ಪಳದ ಪರಮಾನಂದ, "ಸರ್, ನಾನು ಟೆಸ್ಟ್ ಮಾಡಾಕತ್ತೀನ್ರಿ," ಎನ್ನುತ್ತಿದ್ದ. ದ್ವಾರಕಾನಾಥರು ತಲೆಯಾಡಿಸುತ್ತಿದ್ದರು. ಮುಂದಿನವರು.

ಶುಕ್ರವಾರ ಊಟದ ಹೊತ್ತಿಗೆ ಸುಮಂಗಲಾ ತಟ್ಟೆ ಹಿಡಿದು ಅವರ ಎದುರಿಗೆ ಬಂದು ಕೂತಳು.

"ಸರ, ಒಂದ್ ಮಾತ್ ಹೇಳ್ಲ್ಯಾ? ಸಿಟ್ಟ್ ಮಾಡ್ಕೋಬ್ಯಾಡ್ರಿ."

"ಹೇಳಮ್ಮ."

"ಎಲ್ಲಾರೂ ನಿಮ್ಮ ಮುಖಾ ನೋಡಿ ವರದಿ ಒಪ್ಪಸಾಕತ್ತಾರ. ಒಬ್ಬರಿಗೊಬ್ಬರು ಮಾತಾಡವಲ್ರು. ರಂಜನಿ ಬಾಗಿಲದ ಕೆಲಸ ಮುಗಿಸ್ಯಾಳ ಅಂತ ಪರಮಾನಂದಗ ಗೊತ್ತಾಗಬೇಕು. ಅಂವಾ ಕೇಳಸ್ಕೊಂಡೇ ಇಲ್ಲ, ತನ್ನ ಪಾಳಿ ಬಂದಾಗ ಏನ್ ಹೇಳ್ಲಿ ಅಂತ ವಿಚಾರ ಮಾಡಾಕತ್ತಿದ್ದ."

"ಅದಕ್ಕೆ ನಾನೇನು ಮಾಡ್ಬೇಕು?"

"ಒಂದಷ್ಟು ದಿನ ನೀವು ಬರೂದು ಬ್ಯಾಡ್ರಿ."

ದ್ವಾರಕಾನಾಥರು ಸಾರನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು.

"ನೀವು ಚಲೋ ಮ್ಯಾನೇಜರ್ ಇಲ್ಲ ಅಂತಲ್ರಿ," ಎಂದಳು ಸುಮಂಗಲಾ. "ಭಾಳ ಚಲೋ ಅದೀರಿ. ಅದಕ್ಕ ಹಿಂಗಾಗೇತಿ. ಎಲ್ಲಾ ನೀವೇ ನೋಡ್ಕೋತೀರಿ ಅಂತ ಅವ್ರು ನೋಡೂದ ಬಿಟ್ಟಾರ."

ಸೋಮವಾರದಿಂದ ಅವರು ಸಭೆಗೆ ಹೋಗಲಿಲ್ಲ. ಗಾಜಿನ ಗೋಡೆಯ ತಮ್ಮ ಕ್ಯಾಬಿನ್ನಿನಲ್ಲಿ ಕೂತು ಕಂಪ್ಯೂಟರ್ ನೋಡುವವರಂತೆ ಆ ಕಡೆ ನೋಡಿದರು. ಮೊದಲ ದಿನ ತಂಡ ಸುಮ್ಮನೆ ನಿಂತಿತ್ತು, ಯಾರನ್ನು ನೋಡಿ ಮಾತಾಡಬೇಕೆಂದು ತಿಳಿಯದೆ. ಮೂರು ನಾಲ್ಕು ದಿನ ಕಳೆಯುವಷ್ಟರಲ್ಲಿ ಅರ್ಧಚಂದ್ರ ಪೂರ್ತಿ ವೃತ್ತವಾಗಿತ್ತು. ಇನ್ನೊಂದು ದಿನ ಅಮೋಘ್ ಎಂಬ ಹುಡುಗ ಏನೋ ಹೇಳಿದ, ಪರಮಾನಂದ ಏನೋ ತಿರುಗಿ ಹೇಳಿದ, ಎಲ್ಲರೂ ನಕ್ಕರು. ಗಾಜಿನಾಚೆ ಶಬ್ದ ಕೇಳಿಸಲಿಲ್ಲ. ತಾನು ನಡೆಸಿದ ಯಾವ ಸಭೆಯಲ್ಲೂ ಅವರು ಹಾಗೆ ನಕ್ಕದ್ದನ್ನು ದ್ವಾರಕಾನಾಥರು ಕಂಡಿರಲಿಲ್ಲ.

ಸಂಜೆ ಮನೆಯಲ್ಲಿ ಹೆಂಡತಿ ವತ್ಸಲಾ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದರು. ಅವರು ಕಾರ್ಖಾನೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ದ್ವಾರಕಾನಾಥರು ಎಲ್ಲವನ್ನೂ ಹೇಳಿದರು.

"ಕೆಲಸದಿಂದ ತೆಗೆದಿದಾರಾ?" ಎಂದು ಕೇಳಿದರು ವತ್ಸಲಾ.

"ಇಲ್ಲ ಕಣೆ."

"ಮತ್ತೆ ಇನ್ನು ಮೇಲೆ ನಿಮ್ಮ ಕೆಲಸ ಏನು?"

"ಅದೇ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ನಾನು ಕಟ್ಟಿದ ಆಫೀಸು, ನನ್ನನ್ನೇ ಸಭೆಗೆ ಬರಬೇಡಿ ಅಂತಾರೆ."

ವತ್ಸಲಾ ಕೆಂಪು ಪೆನ್ನನ್ನು ಕೆಳಗಿಟ್ಟರು. "ನಮ್ಮ ಸ್ಕೂಲಿಗೆ ಇನ್‌ಸ್ಪೆಕ್ಷನ್‌ಗೆ ಬಂದವರು ಹಿಂದಿನ ಬೆಂಚಲ್ಲಿ ಕೂತ್ರೆ ಸಾಕು, ಉತ್ತರ ಗೊತ್ತಿರೋ ಮಕ್ಕಳೂ ಬಾಯಿ ಬಿಡಲ್ಲ. ಅವರು ಪಾಪ ಏನೂ ಬೈದಿರಲ್ಲ, ಸುಮ್ನೆ ಕೂತಿರ್ತಾರೆ ಅಷ್ಟೇ. ಬೇಜಾರು ಮಾಡ್ಕೋಬೇಡಿ. ಆ ಹುಡುಗಿ ಹೇಳೋದನ್ನ ಇನ್ನೂ ಒಂದಷ್ಟು ದಿನ ಮಾಡಿ ನೋಡಿ."

ಬೇಜಾರು ಹೋಗಲಿಲ್ಲ. ಆದರೂ ಮಾಡಿ ನೋಡೋಣ ಎಂದುಕೊಂಡರು.

ಒಂದೆರಡು ತಿಂಗಳಲ್ಲಿ ದೊಡ್ಡ ಪರೀಕ್ಷೆ ಎದುರಾಯಿತು. ಎತ್ತರದ ಆಸ್ಪತ್ರೆ ಕಟ್ಟಡಗಳಿಗೆಂದೇ ಕಂಪನಿ ಹೊಸ ಪ್ರೋಗ್ರಾಂ ತರಲಿತ್ತು. ಮುಂದಿನ ಎರಡು ವಾರದ ಕೆಲಸವನ್ನು ಹಂಚಲು ನಾಲ್ಕೂ ದೇಶಗಳವರು ವಿಡಿಯೋದಲ್ಲಿ ಸೇರಿದರು. ಬೆಂಗಳೂರು ತಂಡ ಐದು ಕೆಲಸ ಮಾಡಬೇಕೆಂದು ಗುಡ್ರುನ್ ಕೇಳಿದಳು. ಅದರಲ್ಲಿ ಒಂದು, ಬೆಂಕಿಯ ಗಂಟೆ ಬಾರಿಸಿದಾಗ ಲಿಫ್ಟುಗಳೆಲ್ಲ ನಡೆದುಕೊಳ್ಳಬೇಕಾದ ರೀತಿ: ಎಲ್ಲಿದ್ದರೂ ನೇರ ನೆಲಮಹಡಿಗೆ ಬಂದು, ಬಾಗಿಲು ತೆರೆದು, ಅಲ್ಲೇ ನಿಂತುಬಿಡಬೇಕು. ಯಾರು ಎಲ್ಲಿ ಬಟನ್ ಒತ್ತಿದರೂ ಮೇಲೆ ಹೋಗಬಾರದು.

ತಂಡ ತಮ್ಮತಮ್ಮಲ್ಲೇ ಕೂತು ಲೆಕ್ಕ ಹಾಕಿತು. ರಂಜನಿ ಮೈಕಿನ ಹತ್ತಿರ ಬಗ್ಗಿ, "ನಾವು ಮೂರು ತಗೊಳ್ತೀವಿ. ಬೆಂಕಿಯದು ಮೂರರಲ್ಲಿ ಒಂದು. ಐದು ಆಗಲ್ಲ," ಎಂದಳು. ಇಂಗ್ಲಿಷಿನಲ್ಲಿ ಹೇಳಿದ ಆ ಮಾತಿನ ಕೊನೆಗೆ ಅವಳ ಧ್ವನಿ ಸ್ವಲ್ಪ ನಡುಗಿತು. ಬೆಂಗಳೂರು ಸ್ಟುಟ್‌ಗಾರ್ಟಿಗೆ ಆಗಲ್ಲ ಎಂದದ್ದು ಅದೇ ಮೊದಲು.

"ಸರಿ, ನೋಡೋಣ," ಎಂದಳು ಗುಡ್ರುನ್.

ಸಭೆ ಮುಗಿದ ಕೂಡಲೇ ದ್ವಾರಕಾನಾಥರ ಕ್ಯಾಬಿನ್ನಿನ ಫೋನ್ ಬಡಿದುಕೊಂಡಿತು. ಅದು ಗುಡ್ರುನ್ನೇ ಎಂದು ಎತ್ತುವ ಮೊದಲೇ ಅವರಿಗೆ ಗೊತ್ತಿತ್ತು. ಇಷ್ಟು ವರ್ಷವೂ ಕಷ್ಟದ ಮಾತುಗಳೆಲ್ಲ ಈ ಫೋನಿನಲ್ಲೇ ತೀರ್ಮಾನವಾಗುತ್ತಿದ್ದವು.

"ಮಿಸ್ಟರ್ ನಾಥ್, ನಿಮ್ಮವರು ಮೂರು ಅಂತಿದಾರೆ," ಎಂದಳು ಗುಡ್ರುನ್. "ನನಗೆ ಐದು ಬೇಕು. ನೀವು ಒಂದು ಮಾತು ಹೇಳಿದರೆ ಅವರು ಮಾಡ್ತಾರೆ. ಯಾವಾಗಲೂ ಮಾಡಿದಾರೆ."

ಅದು ಸುಳ್ಳಲ್ಲ. ಅವರು ಹೇಳಿದರೆ ತಂಡ ಶನಿವಾರ ಭಾನುವಾರ ಬಂದು ಮಾಡುತ್ತಿತ್ತು. ಬೆಂಗಳೂರಿನವರು ಇಲ್ಲ ಎನ್ನುವುದಿಲ್ಲ ಎಂಬ ಹೆಸರು ಬಂದದ್ದೂ ಹಾಗೆಯೇ. ಅವಸರದಲ್ಲಿ ಮಾಡಿದ ಕೆಲಸ ಜೋಡಿಸುವಾಗ ಕೈಕೊಡುತ್ತಿತ್ತು, ಆಗ ಬೆಂಗಳೂರಿನವರದು ಗುಣಮಟ್ಟ ಕಡಿಮೆ ಎಂಬ ಇನ್ನೊಂದು ಹೆಸರೂ ಬರುತ್ತಿತ್ತು. ದ್ವಾರಕಾನಾಥರು ಗಾಜಿನಾಚೆ ನೋಡಿದರು. ರಂಜನಿ ಬೋರ್ಡಿನ ಮುಂದೆ ನಿಂತು ಪರಮಾನಂದನಿಗೆ ಏನೋ ವಿವರಿಸುತ್ತಿದ್ದಳು. ಆಗಲ್ಲ ಎಂದು ಹೇಳಿ ಬಂದ ಬಿಸಿ ಅವಳ ಮುಖದಲ್ಲಿ ಇನ್ನೂ ಇತ್ತು.

"ತಂಡ ಮೂರು ಅಂದಿದ್ರೆ ಮೂರೇ," ಎಂದರು. "ನನ್ನದು ಬೇರೆ ಉತ್ತರ ಇಲ್ಲ. ಬೇಕಿದ್ರೆ ಇನ್ನೊಮ್ಮೆ ಅವರನ್ನೇ ಕೇಳಿ."

"ಹಾಗಾದರೆ ನೀವು ಅಲ್ಲಿ ಇರೋದು ಯಾತಕ್ಕೆ?"

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿ ಕೇಳಿದ್ದಳು.

"ಅದನ್ನೇ ನಾನೂ ಯೋಚನೆ ಮಾಡ್ತಿದೀನಿ," ಎಂದರು ದ್ವಾರಕಾನಾಥರು.

ಈ ಮಾತುಕತೆಯನ್ನು ಅವರು ಯಾರಿಗೂ ಹೇಳಲಿಲ್ಲ. ಉಳಿದ ಎರಡು ಕೆಲಸವನ್ನು ಸ್ಟುಟ್‌ಗಾರ್ಟಿನ ತಂಡವೇ ಇಟ್ಟುಕೊಂಡಿತು. ಬೆಂಗಳೂರಿನವರು ಹೇಳಿದ ಮೂರೂ ಮುಗಿಯದಿದ್ದರೆ ಏನಾಗುತ್ತದೆ ಎಂಬುದನ್ನು ಯೋಚಿಸಲೂ ಅವರು ಹೆದರಿದರು.

ಆದರೆ ಗುಡ್ರುನ್ ಕೇಳಿದ ಪ್ರಶ್ನೆ ಒಳಗೆ ಉಳಿದುಕೊಂಡಿತು. ಮರುದಿನ ಅವರು ಸುಮಂಗಲಾಳನ್ನು ಕರೆದು, "ತಂಡಕ್ಕೆ ಯಾವುದು ಅಡ್ಡ ಆಗ್ತಿದೆ? ನನ್ನನ್ನ ಬಿಟ್ಟು," ಎಂದು ಕೇಳಿದರು.

ಸುಮಂಗಲಾ ನಕ್ಕಳು. "ರಿಗ್ ಇಲ್ರಿ ಸರ."

ರಿಗ್ ಎಂದರೆ ಪರೀಕ್ಷೆಗೆಂದು ಕಟ್ಟಿದ ಲಿಫ್ಟುಗಳ ಮಾದರಿ. ಅಂಥದ್ದು ಇದ್ದದ್ದು ಸ್ಟುಟ್‌ಗಾರ್ಟಿನಲ್ಲಿ ಮಾತ್ರ. ಇಲ್ಲಿ ಪರಮಾನಂದ ಕಂಪ್ಯೂಟರಿನ ಪರದೆಯ ಮೇಲೆ ಬೊಂಬೆ ಲಿಫ್ಟುಗಳನ್ನು ಓಡಿಸಿ ನೋಡುತ್ತಿದ್ದ. ನಿಜವಾದ ಮೋಟಾರಿನ ಮೇಲೆ ನೋಡಬೇಕೆಂದರೆ ಪ್ರೋಗ್ರಾಮನ್ನು ಅಲ್ಲಿಗೆ ಕಳಿಸಿ ಉತ್ತರ ಬರುವವರೆಗೆ ಕಾಯಬೇಕು. ಅಲ್ಲಿಂದ ರಿಗ್ ತರಿಸಬೇಕಾದರೆ ಅನುಮತಿ, ಕಸ್ಟಮ್ಸ್ ಎಂದು ವರ್ಷವೇ ಕಳೆಯುತ್ತಿತ್ತು.

ದ್ವಾರಕಾನಾಥರು ಅಂದೇ ಪೀಣ್ಯಕ್ಕೆ ಹೋದರು. ದೂರವಾಣಿ ಕಾರ್ಖಾನೆಯಲ್ಲಿ ಅವರ ಜೊತೆ ಸೇರಿದ್ದ ನರಸಿಂಹಯ್ಯ ಅಲ್ಲಿ ಸ್ವಂತ ಫ್ಯಾಬ್ರಿಕೇಷನ್ ಶೆಡ್ ಇಟ್ಟಿದ್ದರು.

"ಏನೋ ದ್ವಾರಕ, ಈ ವಯಸ್ಸಲ್ಲಿ ಆಟದ ಲಿಫ್ಟ್ ಬೇಕಾ ನಿಂಗೆ?" ಎಂದರು ನರಸಿಂಹಯ್ಯ, ಕೈ ಒರೆಸಿಕೊಳ್ಳುತ್ತಾ.

"ಆಟದ್ದೇ. ಆದ್ರೆ ಮೋಟಾರು, ಬಾಗಿಲು, ಸ್ವಿಚ್ಚು ಎಲ್ಲಾ ನಿಜದ್ದಾಗಿರ್ಬೇಕು. ಪ್ರೋಗ್ರಾಂ ಓಡೋ ಕಂಟ್ರೋಲರ್ ನಮ್ಮ ಹತ್ರ ಇದೆ. ಬೇಗ ಬೇಕು ಕಣೋ."

ಇಬ್ಬರೂ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಸಂಜೆಯವರೆಗೂ ವಾದಿಸಿದರು. ಬಹಳ ವರ್ಷದ ನಂತರ ದ್ವಾರಕಾನಾಥರ ಅಂಗಿಗೆ ಗ್ರೀಸ್ ಅಂಟಿತು.

ವಾರ ತುಂಬುವ ಮೊದಲೇ ರಿಗ್ ಸಿದ್ಧವಾಯಿತು: ಆಳೆತ್ತರದ ನಾಲ್ಕು ಕಬ್ಬಿಣದ ಚೌಕಟ್ಟುಗಳು, ಪ್ರತಿಯೊಂದರಲ್ಲೂ ಚಪ್ಪಲಿ ಡಬ್ಬಿಯಷ್ಟು ಲಿಫ್ಟು, ಪಕ್ಕದಲ್ಲಿ ಮಹಡಿಗೊಂದು ಬಟನ್. ಅವೆಲ್ಲ ಟೆಂಪೋದಲ್ಲಿ ಬಂದಾಗ ಇಡುವುದೆಲ್ಲಿ ಎಂಬ ಪ್ರಶ್ನೆ ಎದ್ದಿತು. ಮಹಡಿಯ ತುಂಬ ಮೇಜುಗಳು. ಕಾನ್ಫರೆನ್ಸ್ ರೂಮಿನ ಬಾಗಿಲಲ್ಲಿ ಅವು ನುಗ್ಗುತ್ತಿರಲಿಲ್ಲ.

"ನನ್ನ ಕ್ಯಾಬಿನ್ ಗಾಜು ತೆಗೀರಿ," ಎಂದರು ದ್ವಾರಕಾನಾಥರು.

"ಸಾರ್, ನೀವು ಎಲ್ಲಿ ಕೂರ್ತೀರಾ?" ಎಂದಳು ರಂಜನಿ.

"ಪರಮಾನಂದನ ಪಕ್ಕದ ಸೀಟ್ ಖಾಲಿ ಇದೆಯಲ್ಲ."

ಕೆಲಸದವರು ಗಾಜನ್ನು ಬಿಚ್ಚಿ ಗೋಡೆಗೆ ಒರಗಿಸುವಾಗ ಇಡೀ ಮಹಡಿ ಎದ್ದು ನಿಂತು ನೋಡಿತು. ಹೆಸರಿನ ಫಲಕವನ್ನು ಅಮೋಘ್ ತಂದು ಕೈಗೆ ಕೊಟ್ಟಾಗ ದ್ವಾರಕಾನಾಥರು ಅದರ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. ಅದನ್ನು ಬ್ಯಾಗಿಗೆ ಹಾಕಿಕೊಂಡು, ರಿಗ್ಗಿನ ವೈರಿಂಗ್ ಸರಿಯಾಗಿದೆಯೇ ನೋಡಲು ಹೋದರು.

ರಿಗ್ ಬಂದ ಮೇಲೆ ಆಫೀಸಿನ ರೀತಿಯೇ ಬದಲಾಯಿತು. ಬೆಳಿಗ್ಗೆ ಬರೆದದ್ದನ್ನು ಮಧ್ಯಾಹ್ನ ಓಡಿಸಿ ನೋಡಬಹುದಿತ್ತು. ತಪ್ಪಿದ್ದರೆ ಬರೆದವರು ಎದ್ದು ಬಂದು ಅಲ್ಲೇ ತಿದ್ದುತ್ತಿದ್ದರು. ಒಪ್ಪಿಕೊಂಡ ಮೂರು ಕೆಲಸವೂ ಮುಗಿಯುವ ಹಂತಕ್ಕೆ ಬಂದವು. ಬೆಂಕಿಯ ಗಂಟೆಯ ಗುಂಡಿ ಒತ್ತಿದರೆ ನಾಲ್ಕೂ ಲಿಫ್ಟು ಸರ್ರೆಂದು ಇಳಿದು, ಬಾಗಿಲು ತೆರೆದು ನಿಲ್ಲುತ್ತಿದ್ದವು. ಅದನ್ನು ನೋಡಲು ಬೇರೆ ಮಹಡಿಯವರೂ ಕಾಫಿ ಲೋಟ ಹಿಡಿದು ಬರುತ್ತಿದ್ದರು.

ನಾಲ್ಕು ದೇಶಗಳ ಮುಂದೆ ತೋರಿಸಬೇಕಾದ ದಿನಕ್ಕೆ ಹಿಂದಿನ ಮಧ್ಯಾಹ್ನ ಪರಮಾನಂದ ಕೊನೆಯ ಸಲ ಓಡಿಸಿ ನೋಡುತ್ತಿದ್ದ. ಮೇಲಿನ ಮಹಡಿಯ ಬಟನ್ ಒತ್ತಿ, ಹಿಂದೆಯೇ ಬೆಂಕಿಯ ಗುಂಡಿ ಒತ್ತಿದ್ದ, ಲಿಫ್ಟುಗಳು ಇಳಿದು ನಿಂತಿದ್ದವು. ಅಷ್ಟರಲ್ಲಿ ಕರೆಂಟ್ ಹೋಯಿತು. ಕಂಪ್ಯೂಟರುಗಳಿಗೆ ಯುಪಿಎಸ್ ಇತ್ತು, ರಿಗ್ಗಿಗೆ ಇರಲಿಲ್ಲ. ಕೆಳಗೆ ಜನರೇಟರ್ ಗುಡುಗಿ ದೀಪಗಳು ಮತ್ತೆ ಹತ್ತಿದವು.

"ಸರ್," ಎಂದ ಪರಮಾನಂದ ಮೆಲ್ಲಗೆ. "ಇದು ಮ್ಯಾಲೆ ಹೊಂಟೈತ್ರಿ."

ಮೂರು ಲಿಫ್ಟು ನೆಲದಲ್ಲೇ ಇದ್ದವು. ಎರಡನೆಯದು ಬಾಗಿಲು ಮುಚ್ಚಿಕೊಂಡು ತಾನಾಗಿಯೇ ಮೇಲಿನ ಮಹಡಿಗೆ ಹೋಗಿ ನಿಂತು, ಬಾಗಿಲು ತೆರೆಯಿತು.

ಎಲ್ಲರೂ ಸುತ್ತ ಸೇರಿದರು. ದ್ವಾರಕಾನಾಥರು ಮೇನ್ ಸ್ವಿಚ್ ಆರಿಸಿ ಹಾಕಿ ಮತ್ತೆ ಮತ್ತೆ ಮಾಡಿಸಿದರು. ಕೆಲವು ಸಲ ಏನೂ ಆಗುತ್ತಿರಲಿಲ್ಲ, ಕೆಲವು ಸಲ ಒಂದು ಲಿಫ್ಟು ಮೇಲೆ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ರಂಜನಿ ಕಾರಣ ಹಿಡಿದಳು. ಕರೆಂಟ್ ಹೋಗಿ ಬಂದಾಗ ಕಂಟ್ರೋಲರ್ ಹೊಸದಾಗಿ ಎಚ್ಚರಗೊಳ್ಳುತ್ತಿತ್ತು. ಬೆಂಕಿಯ ಗಂಟೆ ಬಾರಿಸಿದ್ದು ಅದಕ್ಕೆ ನೆನಪಿರುತ್ತಿರಲಿಲ್ಲ. ಮೇಲೆ ಯಾರೋ ಬಟನ್ ಒತ್ತಿದ್ದು ಮಾತ್ರ ನೆನಪಿರುತ್ತಿತ್ತು. ಉಳಿದವುಗಳಿಗಿಂತ ಮೊದಲು ಎಚ್ಚರಗೊಂಡ ಲಿಫ್ಟು ಆ ಕರೆಗೆ ಓಡುತ್ತಿತ್ತು, ಅದು ಬೆಂಕಿ ಹತ್ತಿದ ಮಹಡಿಯೇ ಆಗಿದ್ದರೂ.

ಸ್ಟುಟ್‌ಗಾರ್ಟಿನವರು ಬೆಂಕಿಯ ಪರೀಕ್ಷೆ ಮಾಡಿದ್ದರು, ಕರೆಂಟ್ ಹೋಗುವ ಪರೀಕ್ಷೆಯನ್ನೂ ಮಾಡಿದ್ದರು. ಎರಡನ್ನೂ ಒಟ್ಟಿಗೆ ಮಾಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆ ತಪ್ಪು ಇದ್ದದ್ದು ಅವರು ಬರೆದ ಮೂಲ ಭಾಗದಲ್ಲಿ, ಈಗಾಗಲೇ ಮುಗಿದಿದೆ ಎಂದು ಎಲ್ಲರೂ ನಂಬಿದ್ದ ಭಾಗದಲ್ಲಿ.

"ಗುರು, ನಮ್ ಕೋಡಿನ ತಪ್ಪಲ್ಲ ಇದು," ಎಂದ ಅಮೋಘ್, ನಿರಾಳವಾಗಿ. "ನಮ್ಮ ಮೂರು ಮುಗಿದಿದೆ. ನಾಳೆ ಡೆಮೊ ಕೊಡೋಣ, ಇದನ್ನ ಅವರಿಗೆ ಆಮೇಲೆ ಮೇಲ್ ಹಾಕೋಣ."

ದ್ವಾರಕಾನಾಥರ ಹಳೆಯ ಅಭ್ಯಾಸ ಬೇರೆಯಿತ್ತು. ಗುಡ್ರುನ್‌ಗೆ ಫೋನ್ ಮಾಡಿ ಗುಟ್ಟಾಗಿ ತಿಳಿಸುವುದು, ನಾಲ್ಕು ದೇಶಗಳ ಮುಂದೆ ಅವಳ ಮಾನ ಉಳಿಸುವುದು. ಬಾಯಿಗೆ ಬಂದ ಆ ಮಾತನ್ನು ಅವರು ತಡೆದುಕೊಂಡರು.

"ನೀವು ಏನಂತೀರಿ?" ಎಂದು ತಂಡವನ್ನು ಕೇಳಿದರು.

ರಂಜನಿ ರಿಗ್ಗನ್ನೇ ನೋಡುತ್ತಾ ಹೇಳಿದಳು, "ನಾಳೆ ಎಲ್ಲರ ಮುಂದೆ ತೋರಿಸ್ಬೇಕು ಸಾರ್. ಅವರ ತಪ್ಪು ಅಂತ ಹೇಳೋದು ಬೇಡ. ಕರೆಂಟ್ ಹೋದ್ರೆ ಹೀಗಾಗುತ್ತೆ ಅಂತಷ್ಟೇ ತೋರ್ಸೋಣ. ಇನ್ನೊಂದು, ಬೆಂಕಿಯದು ಮುಗಿದಿದೆ ಅಂತ ನಾವು ಹೇಳೋ ಹಾಗಿಲ್ಲ. ಮೂರು ಅಂದಿದ್ವಿ, ಎರಡೇ ಆಗಿದೆ ಅನ್ಬೇಕು."

"ಎರಡಾ?" ಎಂದ ಅಮೋಘ್. "ಐದು ಕೇಳಿದ್ದಕ್ಕೆ ಮೂರು ಅಂದು, ಈಗ ಎರಡು ಅಂದ್ರೆ ನಮ್ಮ ಕಥೆ ಏನು?"

"ಲಿಫ್ಟ್ ಒಳಗೆ ನಿಂತಿರೋರ ಕಥೆ ಏನು?" ಎಂದಳು ರಂಜನಿ.

ಪರಮಾನಂದ ಮೊದಲು ಹೂಂ ಎಂದ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಒಪ್ಪಿದರು. ಅವರ ನಡುವೆ ನಿಂತಿದ್ದ ದ್ವಾರಕಾನಾಥರಿಗೆ, ಈ ಕೇಂದ್ರಕ್ಕೆ ಸೇರಿದಂದಿನಿಂದ ಇವತ್ತಿನವರೆಗೆ ಇಂಥ ಹೆಮ್ಮೆ ಆಗಿರಲಿಲ್ಲ ಎನಿಸಿತು. ಈ ತೀರ್ಮಾನದಲ್ಲಿ ತನ್ನ ಕೈಯೇ ಇಲ್ಲ ಎಂಬುದು ಆ ಹೆಮ್ಮೆಯನ್ನು ಇನ್ನಷ್ಟು ಹೆಚ್ಚಿಸಿತು. ಹಾಗೇಕೆಂದು ಅವರಿಗೇ ತಿಳಿಯಲಿಲ್ಲ.

ಮರುದಿನ ಸಂಜೆ ಕ್ಯಾಮೆರಾ ರಿಗ್ಗಿನ ಕಡೆ ತಿರುಗಿತು. ಶಾಂಘೈಯವರು, ಸ್ಟುಟ್‌ಗಾರ್ಟಿನವರು, ಬೆಳಗಿನ ನಿದ್ದೆ ಬಿಟ್ಟು ಎದ್ದು ಬಂದಿದ್ದ ಶಿಕಾಗೋದವರು ನೋಡುತ್ತಿದ್ದರು. ಲಿಫ್ಟುಗಳು ಇಳಿದು ನಿಂತಾಗ ಆ ಕಡೆಯಿಂದ ಚಪ್ಪಾಳೆ ಕೇಳಿಸಿತು.

"ಇನ್ನೂ ಮುಗಿದಿಲ್ಲ," ಎಂದಳು ರಂಜನಿ. ಪರಮಾನಂದ ಮೇನ್ ಸ್ವಿಚ್ ಆರಿಸಿ ಮತ್ತೆ ಹಾಕಿದ. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಮೂರನೆಯ ಸಲ ಒಂದು ಲಿಫ್ಟು ಬಾಗಿಲು ಮುಚ್ಚಿಕೊಂಡು ಮೇಲೆ ಹೊರಟಿತು.

ಸ್ಟುಟ್‌ಗಾರ್ಟಿನ ಕೋಣೆಯಲ್ಲಿ ಯಾರೋ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಪರದೆಯ ಹತ್ತಿರ ಬಂದರು.

"ಇದು ಯಾರ ಭಾಗ?" ಎಂದಳು ಗುಡ್ರುನ್.

"ಲಿಫ್ಟ್‌ನಲ್ಲಿರೋರಿಗೆ ಅದು ಗೊತ್ತಾಗಲ್ಲ," ಎಂದಳು ರಂಜನಿ. ಈ ಸಲ ಅವಳ ಧ್ವನಿ ನಡುಗಲಿಲ್ಲ. "ನಾವು ಒಪ್ಪಿಕೊಂಡ ಮೂರರಲ್ಲಿ ಎರಡು ಮುಗಿದಿದೆ. ಬೆಂಕಿಯದು ಮುಗಿದಿಲ್ಲ. ಸ್ಟುಟ್‌ಗಾರ್ಟಿನವರು ಜೊತೆಗೆ ಕೂತರೆ ಮುಗಿಸಬಹುದು."

ಇನ್ನೊಮ್ಮೆ ತೋರಿಸಿ ಎಂದಳು ಗುಡ್ರುನ್. ತೋರಿಸಿದರು. ಗ್ರಾಹಕರಿಗೆ ಹೋಗಬೇಕಿದ್ದ ಪ್ರೋಗ್ರಾಮನ್ನು ಅವಳು ಆ ಸಭೆಯಲ್ಲೇ ತಡೆಹಿಡಿದಳು. "ನಮ್ಮ ಕಡೆಯೂ ಎರಡು ಕೆಲಸ ಮುಗಿದಿದೆ ಅಂತ ಬರೆದುಕೊಂಡಿದ್ದೆವು," ಎಂದಳು. "ಅವನ್ನೂ ಇದೇ ಥರ ಒಂದು ಸಲ ನೋಡಬೇಕು ಅನಿಸ್ತಿದೆ."

ಅದೇ ವಾರ ಮೂಲ ಭಾಗವನ್ನು ಬರೆದಿದ್ದ ಇಬ್ಬರು ಇಂಜಿನಿಯರುಗಳನ್ನು ಕರೆದುಕೊಂಡು ಗುಡ್ರುನ್ ಬೆಂಗಳೂರಿಗೆ ಬಂದಳು. ಅವರು ಇದ್ದಷ್ಟು ದಿನ ಕರೆಂಟ್ ಒಮ್ಮೆಯೂ ಹೋಗಲಿಲ್ಲ. ಪರಮಾನಂದ ಇದರಿಂದ ಎಷ್ಟು ನೊಂದುಕೊಂಡನೆಂದರೆ, ಊಟದ ಹೊತ್ತಿನಲ್ಲಿ ಎಲ್ಲರೂ ಅವನನ್ನು ಸಮಾಧಾನ ಮಾಡಬೇಕಾಯಿತು. ಜರ್ಮನಿಯ ಇಂಜಿನಿಯರುಗಳು ರಂಜನಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ವರ್ಷಗಟ್ಟಲೆ ಈಮೇಲಿನಲ್ಲಿ ಒಬ್ಬರನ್ನೊಬ್ಬರು ದೂರಿದ್ದವರು ಒಂದೇ ಪರದೆಯನ್ನು ನೋಡುತ್ತಾ ತಿದ್ದಿದರು. ಬೆಂಕಿಯ ಗಂಟೆಯನ್ನು ಕಂಟ್ರೋಲರ್ ನಿದ್ದೆಯಲ್ಲೂ ಮರೆಯದಂತೆ ಮಾಡಿದರು. ಆಮೇಲೆ ಬೆಳಗಿನಿಂದ ಸಂಜೆಯವರೆಗೆ ಸ್ವಿಚ್ ಆರಿಸಿ ಹಾಕಿದರೂ ಯಾವ ಲಿಫ್ಟೂ ಅಲುಗಲಿಲ್ಲ.

ಹೊರಡುವ ಮುನ್ನ ಗುಡ್ರುನ್ ದ್ವಾರಕಾನಾಥರ ಕ್ಯಾಬಿನ್ ಎಲ್ಲಿ ಎಂದು ಕೇಳಿದಳು. ಅವರು ರಿಗ್ಗನ್ನು ತೋರಿಸಿದರು. ಇಬ್ಬರೂ ಅದರ ಪಕ್ಕವೇ ನಿಂತು ಮಾತಾಡಿದರು.

"ಸುರಕ್ಷತೆಯ ಭಾಗ ಪೂರ್ತಿ ಇನ್ನು ಬೆಂಗಳೂರಿನದು," ಎಂದಳು ಗುಡ್ರುನ್. "ಏನು ಮಾಡಬೇಕು, ಯಾವುದು ಮೊದಲು ಅಂತ ತೀರ್ಮಾನಿಸುವ ಪ್ರಾಡಕ್ಟ್ ಓನರ್ ಕೂಡ ಇಲ್ಲೇ ಇರಬೇಕು. ಇಷ್ಟು ದಿನ ಆ ಕುರ್ಚಿ ಸ್ಟುಟ್‌ಗಾರ್ಟ್ ಬಿಟ್ಟು ಎಲ್ಲಿಗೂ ಹೋಗಿಲ್ಲ. ನೀವು ತಗೊಳ್ಳಿ."

ಚಿತ್ರದಲ್ಲಿ ತನ್ನ ಚೌಕವನ್ನು ಹುಡುಕಿದ್ದ ಮನುಷ್ಯನಿಗೆ ಈಗ ಒಂದು ಚೌಕ ಸಿಕ್ಕಿತ್ತು. ಬೇಕು ಎಂಬ ಮಾತು ಅವರ ನಾಲಿಗೆ ತುದಿಯವರೆಗೂ ಬಂತು. ಅದನ್ನು ಅವರು ರಾತ್ರಿ ವತ್ಸಲಾ ಹತ್ತಿರ ಒಪ್ಪಿಕೊಂಡರು ಕೂಡ.

"ರಂಜನಿಗೆ ಕೊಡಿ," ಎಂದರು ಗುಡ್ರುನ್‌ಗೆ.

"ಅವಳಿಗೆ ಇನ್ನೂ ಚಿಕ್ಕ ವಯಸ್ಸು."

"ನಾಲ್ಕು ದೇಶದ ಮುಂದೆ ಮುಗಿದಿಲ್ಲ ಅಂತ ಹೇಳಿದವಳು ಅವಳು. ಆ ಕುರ್ಚಿಗೆ ಬೇಕಾಗಿರೋದು ಅದೇ. ನಾನಾಗಿದ್ದಿದ್ರೆ ನಿಮಗೆ ಗುಟ್ಟಾಗಿ ಫೋನ್ ಮಾಡ್ತಿದ್ದೆ."

ಗುಡ್ರುನ್ ಮೊದಲ ಬಾರಿಗೆ ಬಾಯ್ತುಂಬ ನಕ್ಕಳು. "ಅಂದು ಫೋನಿನಲ್ಲಿ ನಾನು ಕೇಳಿದ್ದಕ್ಕೆ ಉತ್ತರ ಸಿಕ್ಕಿತಾ?"

"ಸಿಗ್ತಾ ಇದೆ," ಎಂದರು ದ್ವಾರಕಾನಾಥರು.

ರಂಜನಿ ಪ್ರಾಡಕ್ಟ್ ಓನರ್ ಆದಳು. ಶಾಂಘೈ, ಶಿಕಾಗೋ ಕೇಂದ್ರಗಳ ಮ್ಯಾನೇಜರುಗಳು, ಚಿತ್ರದಲ್ಲಿ ತಮ್ಮ ಚೌಕ ಕಾಣದವರು, ದ್ವಾರಕಾನಾಥರಿಗೆ ಫೋನ್ ಮಾಡಿ ದಿನವಿಡೀ ನೀವು ಏನು ಮಾಡುತ್ತೀರಿ ಎಂದು ಕೇಳತೊಡಗಿದರು. ದ್ವಾರಕಾನಾಥರು ಅವರಿಗೆ ರಿಗ್ ಕಟ್ಟುವುದನ್ನು ಹೇಳಿಕೊಡುತ್ತಿದ್ದರು. ಸುಮಂಗಲಾ ಇನ್ನೊಂದು ಕಂಪನಿಗೆ ಹೋಗುವ ಮುನ್ನ, "ಸರ, ನಾಳಿಂದ ಮುಂಜಾನೆ ಮೀಟಿಂಗಿಗೆ ಬರ್ರಿ," ಎಂದಳು. ಅವರು ಹೋಗಿ ಪರಮಾನಂದ ಮತ್ತು ಅಮೋಘ್ ನಡುವೆ ನಿಂತರು. ತಮ್ಮ ಸರದಿ ಬಂದಾಗ ಮೂರನೆಯ ಲಿಫ್ಟಿನ ಬೆಲ್ಟ್ ಬದಲಾಯಿಸಬೇಕು ಎಂದರು. ಸರಿ ಸಾರ್ ಎಂದು ತಂಡ ಮುಂದಿನವರ ಕಡೆ ತಿರುಗಿತು.

ಮುಂದಿನ ವರ್ಷ ಹೂಡಿಯ ಹೊಸ ಆಸ್ಪತ್ರೆಯೊಂದರಲ್ಲಿ ಆ ಪ್ರೋಗ್ರಾಂ ಓಡುವ ಲಿಫ್ಟುಗಳು ಬಂದವು. ಬೆಂಕಿಯ ಅಣಕು ಪರೀಕ್ಷೆಯ ದಿನ ತಂಡದವರೆಲ್ಲ ಹೋದರು. ವತ್ಸಲಾ ಕೂಡ ರಜೆ ಹಾಕಿ ಬಂದರು. ಗಂಟೆ ಮೊಳಗಿತು. ನೆಲಮಹಡಿಯ ಹಜಾರದಲ್ಲಿ ನಾಲ್ಕು ಸ್ಟೀಲ್ ಬಾಗಿಲುಗಳು ಒಂದರ ಹಿಂದೊಂದು ತೆರೆದುಕೊಂಡವು. ಕರೆಂಟ್ ತೆಗೆದರು. ಹಜಾರ ಮಬ್ಬಾಯಿತು. ಜನರೇಟರ್ ಶುರುವಾಗಿ ದೀಪ ಬಂತು. ಬಾಗಿಲುಗಳು ತೆರೆದೇ ಇದ್ದವು. ರಂಜನಿ ಯಾರಿಗೂ ಕಾಣದಂತೆ ಕಣ್ಣು ಒರೆಸಿಕೊಂಡಳು.

ಮಗಳ ಹೆರಿಗೆಗೆ ಬಂದಿದ್ದ ಪಿಳ್ಳಮ್ಮ ಎಂಬ ಹೆಂಗಸು ಕೈಯಲ್ಲಿ ಫ್ಲಾಸ್ಕ್ ಹಿಡಿದು ಬಹಳ ಹೊತ್ತಿನಿಂದ ಕಾಯುತ್ತಿದ್ದಳು. ಲಿಫ್ಟಿನೊಳಗೆ ಹೋಗಿ ಬಟನ್ ಒತ್ತಿದಳು, ಒತ್ತಿದಳು, ಹೊರಗೆ ಬಂದಳು.

"ಏನ್ ಸಾಮಿ, ಒಸಾ ಲಿಫ್ಟು ಆಗ್ಲೇ ಕೆಟ್ಟೋಯ್ತಾ?" ಎಂದು ದ್ವಾರಕಾನಾಥರನ್ನು ಕೇಳಿದಳು.

"ಇಲ್ಲಮ್ಮ, ಚೆನ್ನಾಗಿದೆ."

"ಅಂಗಾರೆ ಯಾಕೆ ಮ್ಯಾಕೆ ಓಗಾಕಿಲ್ಲ?"

"ಈಗ ಹೋಗಬಾರದು ಅಂತ ಅದಕ್ಕೆ ಗೊತ್ತು," ಎಂದರು ದ್ವಾರಕಾನಾಥರು. "ನಮ್ಮ ಹುಡುಗರು ಹೇಳಿಕೊಟ್ಟಿದಾರೆ."

ಪಿಳ್ಳಮ್ಮನಿಗೆ ಆ ಉತ್ತರ ಹಿಡಿಸಲಿಲ್ಲ. ಗೊಣಗುತ್ತಾ ಮೆಟ್ಟಿಲ ಕಡೆ ಹೊರಟಳು. ದ್ವಾರಕಾನಾಥರು ಅವಳ ಕೈಯಿಂದ ಫ್ಲಾಸ್ಕ್ ತೆಗೆದುಕೊಂಡು, ಜೊತೆಯಲ್ಲೇ ಮೆಟ್ಟಿಲು ಹತ್ತಿದರು.